ಕುಷ್ಟನ ಮುಟ್ಟಾಳೆ

ಅಡಿಕೆ ಹಾಳೆಯನ್ನು ನೀರಲ್ಲಿ ನೆನೆಸಿ, ಮಡಚಿ, ಹೊಲಿದು ಮಾಡುವ ಟೊಪ್ಪಿಗೆ ಮುಟ್ಟಾಳೆ ಎಂದು ಹೆಸರಿಟ್ಟ ಪುಣ್ಯಾತ್ಮ ಯಾರೋ, ಕುಷ್ಟನ ಪಾಲಿಗಂತೂ ದೊಡ್ಡ ಕುಚೋದ್ಯಗಾರ. ಹೆಸರಲ್ಲೇ ಮುಟ್ಟು, ಮಾಡುವವನನ್ನು ಮಾತ್ರ ಯಾರೂ ಮುಟ್ಟುವಂತಿಲ್ಲ.

ಸಿದ್ದಾಪುರದ ಕಡೆಯಿಂದ ಹಾಳೆ ತಂದು ಕೋಟದ ಸುತ್ತಿನ ಮನೆಗಳಿಗೆ ಟೊಪ್ಪಿ ಮಾಡಿಕೊಡುವುದು ಅವನ ಕಸುಬು. ಬೇಕಾದವರು ಬಾಳೆನಾರನ್ನು ತಮ್ಮ ತಲೆಗೆ ತಾವೇ ಸುತ್ತಿ, ಗಂಟು ಹಾಕಿ, ಜಗಲಿಯಿಂದ ಅಂಗಳಕ್ಕೆ ಎಸೆಯಬೇಕು. ಕುಷ್ಟ ಅದನ್ನು ಹೆಕ್ಕಿಕೊಳ್ಳಬೇಕು. ಅವರಿಗೆ ಅಳತೆ ಎಂದರೆ ಇಷ್ಟೇ.

ಕುಂದಾಪುರಕ್ಕೆ ಹೋದಾಗಲೆಲ್ಲ ಅವನು ಶೀನ ಟೈಲರನ ಅಂಗಡಿಯೆದುರು ನಿಲ್ಲುತ್ತಿದ್ದ. ಶೀನ ಗಿರಾಕಿಗಳ ಹೆಗಲು, ಕುತ್ತಿಗೆ ಹಿಡಿದು ತಿರುಗಿಸಿ ಅಳತೆ ತೆಗೆಯುವುದನ್ನು ನೋಡುತ್ತ ಬಸ್ಸನ್ನೂ ತಪ್ಪಿಸಿಕೊಳ್ಳುತ್ತಿದ್ದ.

"ಒಂದಾರೂ ತಲಿ ನನ್ ಕೈಯಂಗೇ ಅಳ್ತಿ ತೆಗೀಕ್ ಅಂದೇಳಿ ಆಸಿ" ಎಂದು ಹೆಂಡತಿ ಸುಂದರಿಗೆ ಹೇಳಿದ್ದ.

ಎರಡು ಸಾವಿರದ ಒಂಬತ್ತರಲ್ಲಿ, ಅವನು ಟೊಪ್ಪಿ ಮಾಡಿಕೊಡುತ್ತಿದ್ದ ಮನೆಯೊಂದರ ವೇದಾವತಿ ಅಮ್ಮನ ಮಗ ಹೃಷಿಕೇಶ ಊರಿಗೆ ಬಂದ. ಮುಂಬೈಯಲ್ಲಿ ಗಂಡಸರ ಉಡುಪಿನ ಡಿಸೈನರ್ ಅವನು. ಫ್ಯಾಷನ್ ಶೋಗೆ ತಾನೇ ಮುಟ್ಟಾಳೆ ಹಾಕಿಕೊಂಡು ನಡೆಯುತ್ತಾನಂತೆ. ದಾರಿಯಲ್ಲಿ ಸಿಕ್ಕಿದ ಕುಷ್ಟನಿಗೆ, "ಅಳ್ತಿ ನೀವೇ ಕೈಯಂಗ್ ತೆಗೀಕ್, ಕುಷ್ಟಣ್ಣ" ಎಂದ. ಆ 'ಅಣ್ಣ' ಕೇಳಿ ಕುಷ್ಟನಿಗೆ ರಾತ್ರಿಯ ಗಂಜಿಯೇ ಇಳಿಯಲಿಲ್ಲ.

ಮರುದಿನ ಸೋಪು ಹಾಕಿ ಕೈ ತಿಕ್ಕಿ ತೊಳೆದು, ಹೋಗಿ ಅವರ ಅಂಗಳದಲ್ಲಿ ನಿಂತ. ಹೃಷಿಕೇಶ ಜಗಲಿಯಲ್ಲಿದ್ದ.

"ನಿಜವಾದ ಡಿಸೈನರ್ ನೀವ್ ಕಾಣಿ. ಜಾತಿ ಗೀತಿ ಎಲ್ಲ ಹಳೇ ಕಾಲದ್" ಎನ್ನುತ್ತಲೇ ಕಂಬಕ್ಕೆ ಸಿಕ್ಕಿಸಿದ್ದ ಬಾಳೆನಾರು ಎಳೆದು, ತಲೆಗೆ ಸುತ್ತಿ, ಗಂಟು ಹಾಕಿ, ಅಂಗಳಕ್ಕೆ ಎಸೆದ. ಎಸೆದದ್ದು ಅವನಿಗೇ ಗೊತ್ತಾಗಲಿಲ್ಲ. ಕೆಟ್ಟವನಾಗಿದ್ದರೆ ಬೈದು ಹಗುರಾಗಬಹುದಿತ್ತು. ಹುಡುಗ ಒಳ್ಳೆಯವನೇ, ಆದರೆ ಹುಟ್ಟುಗುಣ ಸುಟ್ಟರೂ ಹೋಗದು.

"ಮುಟ್ಟುಕ್ ಆಯ್ತಾ?" ಸುಂದರಿ ಬಾಗಿಲಲ್ಲೇ ಕೇಳಿದಳು.

"ಆಯ್ಲಿಲ್ಲ" ಎಂದು ಕುಷ್ಟ ನಾರು ತೋರಿಸಿದ.

ಆ ನಾರಿನ ಅಳತೆಗೇ ಮಾಡಿಕೊಟ್ಟ ಟೊಪ್ಪಿ ಚೆನ್ನಾಗಿಯೇ ಕೂತಿತಂತೆ. ಮುಂಬೈಯಲ್ಲಿ ಜನ ಎದ್ದುನಿಂತು ಚಪ್ಪಾಳೆ ತಟ್ಟಿದರಂತೆ. ಅದೇ ಕೊನೆ, ಕುಷ್ಟ ಮತ್ತೆ ಹಾಳೆ ನೆನೆಹಾಕಲಿಲ್ಲ. ಮರವಂತೆಯಲ್ಲಿ ಕಡಲ್ಕೊರೆತ ತಡೆಯಲು ಕಲ್ಲು ಹಾಕುವ ಕೂಲಿಗೆ ಹೋದ. ಹೊಟ್ಟೆ ಕೇಳಬೇಕಲ್ಲ.

ನಾಲ್ಕು ಮಳೆಗಾಲ ಕಳೆದ ಮೇಲೆ ಜ್ವರ ನೆತ್ತಿಗೇರಿ ಆಸ್ಪತ್ರೆ ಸೇರಿದ. ಹೊಸದಾಗಿ ಕೆಲಸಕ್ಕೆ ಬಂದಿದ್ದ ನರ್ಸ್ ವಿಜೇತಾ, ಕಾವು ನೋಡಲೆಂದು ಅವನ ಹಣೆಯ ಮೇಲೆ ಅಂಗೈ ಇಟ್ಟಳು. ಕುಷ್ಟ ಗಡಬಡಿಸಿ ತಲೆ ಹಿಂದಕ್ಕೆಳೆದುಕೊಂಡ.

"ಮುಟ್ಟುಕಾಗ ಅಮ್ಮಾ" ಎಂದ.

ವಿಜೇತಾಳಿಗೆ ಅರ್ಥವಾಗಲಿಲ್ಲ. ಮತ್ತೆ ಕೈಯಿಟ್ಟಳು. ಆ ಕೈಯ ಕೆಳಗೆ ಕುಷ್ಟ ಕಣ್ಣುಮುಚ್ಚಿ ಅತ್ತ. ಮಂಚದ ಪಕ್ಕದಲ್ಲಿದ್ದ ಸುಂದರಿ ಗೋಡೆಯ ಕಡೆಗೆ ತಿರುಗಿ ನಿಂತಳು.