ಸಾತನೂರಿಗೆ ಕೊಟ್ಟ ಮಗಳ ಪಾಸ್‌ವರ್ಡ್

ನನ್ನ ಮೊಮ್ಮಗಳು ಬಿಡದಿಯ ಕಂಪನಿಯೊಂದರಲ್ಲಿ ಕೆಲಸಕ್ಕೆ ಸೇರಿದ ಮೇಲೆ ಬೈರಾಪಟ್ಟಣದ ಜನ ನನ್ನನ್ನು ಕಂಡರೆ ದಾರಿ ಬದಲಿಸುತ್ತಾರೆ. ತಪ್ಪು ಅವರದಲ್ಲ. ಯಾರು ಸಿಕ್ಕರೂ ಅವಳ ಕೆಲಸವನ್ನು ವಿವರಿಸದೆ ನಾನು ಬಿಡುವವಳಲ್ಲ. ಮೂರನೇ ಕ್ಲಾಸಿಗೇ ಸ್ಕೂಲು ಬಿಟ್ಟಿದ್ದರೂ ಇದನ್ನು ಮಾತ್ರ ಚೆನ್ನಾಗಿ ಹೇಳುತ್ತೇನೆ. ಈಗಿನ ಆಫೀಸುಗಳ ಕಾಗದಪತ್ರ ಬೀರುವಿನಲ್ಲಿರುವುದಿಲ್ಲ. ಎಲ್ಲೋ ದೂರದ ದೊಡ್ಡ ಕಂಪ್ಯೂಟರುಗಳಲ್ಲಿರುತ್ತವೆ. ಅದಕ್ಕೆ ಕ್ಲೌಡ್ ಅಂತಾರೆ. ಪಾಸ್‌ವರ್ಡ್ ಇದ್ದವರು ಯಾವ ಊರಿಂದ ಬೇಕಾದರೂ ತೆಗೆದು ನೋಡಬಹುದು. ಯಾರು ಬಂದರು, ಎಲ್ಲಿಂದ ಬಂದರು, ಏನು ಮುಟ್ಟಿದರು, ಎಲ್ಲಕ್ಕೂ ಗುರುತು ಬೀಳುತ್ತದೆ. ಆ ಗುರುತು ನೋಡಿ ಬರಬಾರದವರನ್ನು ಹಿಡಿಯುವವಳು ನನ್ನ ಕೂಸು.

ಇದು ಅವಳ ಕೆಲಸ ಇನ್ನೂ ಪರ್ಮನೆಂಟ್ ಆಗದಿದ್ದಾಗಿನ ಮಾತು. ಚನ್ನಪಟ್ಟಣದ ಒಂದು ಗೊಂಬೆ ಕಂಪನಿಯ ಕ್ಲೌಡ್ ತಪಾಸಣೆ, ಅಂದರೆ ಆಡಿಟ್ಟನ್ನು ಒಬ್ಬಳೇ ಮಾಡಿ ಬಾ, ಸರಿಯಾಗಿದ್ದರೆ ಪರ್ಮನೆಂಟ್ ಎಂದು ಅವಳ ಮೇಡಂ ಹೇಳಿದ್ದರು. ಅವಳು ಹೊರಟ ದಿನ ನನಗೂ ಚನ್ನಪಟ್ಟಣದ ಕಣ್ಣಿನ ಡಾಕ್ಟರ ಹತ್ತಿರ ಹೋಗಬೇಕಿತ್ತು. ನಿಜವಾಗಿ ಬೇಕಿರಲಿಲ್ಲ, ಆದರೂ ಬೇಕು ಅಂದೆ.

“ಅಲ್ಲಿ ನೀನು ಬಾಯಿ ಬಿಡಂಗಿಲ್ಲ ಅಜ್ಜಿ,” ಎಂದಳು ಸ್ಕೂಟರಿನಲ್ಲಿ.

“ನಾನ್ಯಾಕವ್ವ ಬುಡ್ಲಿ? ಎಲೆ ಅಡಿಕೆ ತುಂಬ್ಕೊಂಡು ಮೂಲೇಲಿ ಕೂತಿರ್ತೀನಿ.”

ಕಂಪನಿಯ ಸಾಹೇಬರು ನನಗೆ ಟೀ ಕೊಟ್ಟು ಕೂರಿಸಿದರು. ಅವರಿಗೊಂದು ಸಂಕಟ: ಸಂಜೆ ಹೇಗೆಂದರೆ ಹಾಗೆ ಇಟ್ಟು ಹೋದ ಗೊಂಬೆಗಳ ಫೋಟೋಗಳು ಬೆಳಗ್ಗೆ ಬರುವಷ್ಟರಲ್ಲಿ ಕಂಪ್ಯೂಟರಿನೊಳಗೆ ತಾವಾಗೇ ಜಾಗ ಬದಲಿಸಿರುತ್ತಿದ್ದವು. ಕುದುರೆಗಳೆಲ್ಲ ಒಂದು ಕಡೆ, ಬುಗುರಿಗಳೆಲ್ಲ ಇನ್ನೊಂದು ಕಡೆ. ಹೆದರಿದ ಗುಮಾಸ್ತರೊಬ್ಬರು ಕಂಪ್ಯೂಟರಿಗೆ ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿದ್ದರು.

ಮೊಮ್ಮಗಳು ಒಂದು ಗಂಟೆ ತಲೆ ಎತ್ತಲಿಲ್ಲ. ಆಮೇಲೆ, “ಸಾರ್, ನೀವು ಕೊಟ್ಟ ಸ್ಟಾಫ್ ಪಟ್ಟೀಲಿ ಇಲ್ಲದೋರು ಒಬ್ರು ದಿನಾ ಬೆಳಗ್ಗೆ ಕನಕಪುರದ ಕಡೆಯಿಂದ ಒಳಗೆ ಬಂದು ಫೋಟೋಗಳ್ನ ಜೋಡಿಸಿ ಹೋಗ್ತಾವ್ರೆ,” ಎಂದು ಹೆಸರು ತೋರಿಸಿದಳು.

ಸಾಹೇಬರ ಮುಖ ಅರಳಿತು. “ಅಯ್ಯೋ, ನಮ್ಮ ಹುಡುಗಿ! ಇಲ್ಲೇ ಕೆಲ್ಸಕ್ಕಿದ್ಲು. ಮದ್ವೆಯಾಗಿ ಅಲ್ಲೇ ಕನಕಪುರದ ಹತ್ರ ಸಾತನೂರಿಗೆ ಹೋದ್ಲು.”

“ಕೆಲ್ಸ ಬಿಟ್ಮೇಲೂ ಹೆಸ್ರು ತೆಗೆದಿಲ್ವಾ?”

“ಮಗಳನ್ನ ಕೊಟ್ಟ ಮನೆಗೆ ಕಳಿಸಿ, ತಿರುಗಿ ಬಂದ್ರೆ ಬಾಗಿಲು ಹಾಕ್ಕೋತಾರೇನಮ್ಮ?”

ನನ್ನ ಬಾಯಿಯ ಎಲೆ ಅಡಿಕೆ ಗಂಟಲಿಗಿಳಿಯಿತು. “ನಿಜ ಕಣೆ ಕೂಸು! ನನ್ ಮಗಳು, ನಿಮ್ಮತ್ತೆ, ಗಂಡನ ಮನೆಯಿಂದ ಬಂದಾಗ್ಲೆಲ್ಲ ನಮ್ಮಡುಗೆ ಮನೆ ಡಬ್ಬಗಳನ್ನೆಲ್ಲ ಅತ್ಲಾಗಿತ್ಲಾಗೆ ಮಾಡಲ್ವಾ? ಹಂಗೇ ಇದು. ಬುಟ್ಬುಡು.”

“ಅಜ್ಜಿ!” ಎಂದಳು. ನಾನು ಮತ್ತೆ ಮೂಲೆಗೆ ಸರಿದೆ.

“ಪಾಸ್‌ವರ್ಡ್ ಇರೋ ಆ ಅಕ್ಕನ ಫೋನು ಬಸ್ಸಲ್ಲಿ ಕಳೆದೋದ್ರೆ?” ಎಂದಳು ಸಾಹೇಬರ ಕಡೆ ತಿರುಗಿ. “ಸಿಕ್ಕಿದೋರಿಗೆ ನಿಮ್ಮ ಹೊಸ ಗೊಂಬೆ, ಗಿರಾಕಿಗಳ ವಿಳಾಸ, ಎಲ್ಲ ಸಿಗ್ತದೆ.”

“ಒಸಿ ಸಣ್ಣದಾಗಿ ಬರ್ಕೊಮ್ಮ. ಹೆಸ್ರು ಮಾತ್ರ ತೆಗೀಬೇಡ.”

ಆಡಿಟ್ ಮಾಡಿಸಿಕೊಳ್ಳುವವರೇ ಮುನಿಸಿಕೊಂಡು ಮೇಡಂಗೆ ದೂರು ಹೇಳಿದರೆ ಪರ್ಮನೆಂಟ್ ಗತಿ ಏನು ಎಂದು ನಾನು ಮೂಲೆಯಿಂದಲೇ ಅವಳಿಗೆ ಕಣ್ಸನ್ನೆ ಮಾಡಿದೆ. ಆದರೂ ಅವಳು ಪಟ್ಟು ಬಿಡದೆ ಸಾಹೇಬರಿಂದಲೇ ಆ ಹೆಸರನ್ನು ತೆಗೆಸಿದಳು. ಸಂಜೆ ಇದ್ದದ್ದು ಇದ್ದ ಹಾಗೆ ಬರೆದು ಮೇಡಂಗೆ ಕಳಿಸಿದಳು.

ಮರುದಿನವೂ ಆಡಿಟ್ ಇತ್ತು. ನನಗೂ ಮತ್ತೆ ಕಣ್ಣಿನ ಡಾಕ್ಟರು.

ನಾವು ಹೋಗಿ ಕೂತ ಸ್ವಲ್ಪ ಹೊತ್ತಿಗೆ ಸಾತನೂರಿನ ಆ ಹೆಂಗಸೇ ಬಸ್ಸಿಳಿದು, ಕಂಕುಳಲ್ಲಿ ಮಗು ಇಟ್ಟುಕೊಂಡು ನುಗ್ಗಿ ಬಂದಳು.

“ಯಾರ್ರೀ ನನ್ ಹೆಸ್ರು ತಗ್ದಾಕಿದ್ದು?”

ಎಲ್ಲರೂ ನನ್ನ ಮೊಮ್ಮಗಳ ಕಡೆ ನೋಡಿದರು. ಅವಳು ಎದ್ದು ನಿಂತಳು. “ನಾನೇ ಹೇಳಿ ತೆಗೆಸ್ದೆ ಅಕ್ಕ. ನೀವಿಲ್ಲಿ ಕೆಲ್ಸಕ್ಕಿಲ್ಲ. ಟೀ ಕುಡ್ಕೊಂಡು ಹೋಗಿ, ಫೈಲು ಮಾತ್ರ ಮುಟ್ಟಂಗಿಲ್ಲ.”

“ಈ ಹುಡುಗ್ರು ದಿನಾ ಕುದ್ರೇನ ತಗಂಡೋಗಿ ಬುಗುರಿ ಜತೇಲಿ ಹಾಕ್ತಾರೆ. ನೋಡ್ಕಂಡು ಸುಮ್ಕಿರಕ್ಕಾಯ್ತದಾ?”

“ಹಂಗಾದ್ರೆ ಸಾಹೇಬ್ರನ್ನ ಕೇಳಿ ಕೆಲ್ಸಕ್ಕೆ ಸೇರ್ಕೊಳಿ. ಸಂಬಳ ತಗೊಂಡು ಜೋಡ್ಸಿ.”

ಬೆಳಗ್ಗೆಯಿಂದ ಒಂದು ಕುದುರೆಯ ಫೋಟೋ ಹುಡುಕಿ ಬೇಸತ್ತಿದ್ದ ಗುಮಾಸ್ತರು ಸಾಹೇಬರ ಕಡೆ ಆಸೆಯಿಂದ ನೋಡಿದರು. ಸಾಹೇಬರು ಗಡ್ಡ ಕೆರೆದುಕೊಂಡು, “ಮನೆಯಿಂದ್ಲೇ ಅರ್ಧ ದಿನ ಮಾಡ್ತೀಯೇನಮ್ಮ?” ಎಂದು ಕೇಳಿದರು.

“ಇಷ್ಟ್ ದಿನ ಪುಕ್ಸಟ್ಟೆ ಮಾಡುಸ್ಕಂಡು ಈಗ ಕೇಳ್ತೀರಾ?” ಎಂದಳು ಅವಳು. ಬೈಗುಳವೋ ಒಪ್ಪಿಗೆಯೋ ಎಂದು ಸಾಹೇಬರು ಯೋಚಿಸುವಷ್ಟರಲ್ಲಿ ಮಗುವನ್ನು ನನ್ನ ಮಡಿಲಿಗೆ ಹಾಕಿ ಕುರ್ಚಿ ಎಳೆದುಕೊಂಡಳು.

ಸಾಹೇಬರು ಅವಳನ್ನು ಸ್ಟಾಫ್ ಪಟ್ಟಿಗೆ ಸೇರಿಸಿದರು. ಹೊಸ ಪಾಸ್‌ವರ್ಡ್ ಹಾಕುವಾಗ ಮೊಮ್ಮಗಳಿಗೆ ಫೋನು ಬಂತು. ಮೇಡಂ. “ಸಣ್ಣದು ಮಾಡದೆ ಬರೆದಿದ್ದೀಯ, ನನಗೆ ಬೇಕಾಗಿದ್ದದ್ದೂ ಅದೇ. ಸೋಮವಾರ ಬಂದು ಪರ್ಮನೆಂಟ್ ಆರ್ಡರ್ ತಗೋ,” ಎಂದರಂತೆ.

ನಾನು ಕೂಗಿದ ಕೂಗಿಗೆ ಮಗು ಕಿಟಾರನೆ ಕಿರುಚಿತು, ಸಾತನೂರಿನವಳ ಪಾಸ್‌ವರ್ಡ್ ತಪ್ಪಿತು.

“ಎಲ್ರೂ ಆ ಕಡೆ ತಿರುಗ್ಕಳಿ, ಇನ್ನೊಂದ್ಸಲ ಹಾಕ್ತೀನಿ,” ಎಂದು ಗದರಿದಳು. ಸಾಹೇಬರು, ಗುಮಾಸ್ತರು, ನನ್ನ ಮೊಮ್ಮಗಳು ಎಲ್ಲರೂ ತಿರುಗಿದರು. ನಾನೂ ಗೋಡೆ ಕಡೆ ತಿರುಗಿ ಮಗುವಿನ ಕಿವಿಯಲ್ಲಿ, “ನಿಮ್ಮವ್ವಂಗೂ ಕೆಲ್ಸ ಆಯ್ತು ಕಣ್ಲಾ, ನನ್ ಕೂಸ್ಗೂ ಆಯ್ತು,” ಎಂದೆ. ಅದು ನನ್ನ ಮೂಗು ಹಿಡಿದುಕೊಂಡು ನಕ್ಕಿತು.