ಎತ್ತಿಲ್ಲದ ಬಂಡಿ

ಆಗ ನನಗೆ ಒಂಬತ್ತೋ ಹತ್ತೋ. ಐವತ್ತೈದು ವರ್ಷದ ಹಿಂದಿನ ಮಾತು. ಆಗೆಲ್ಲ ನಮ್ಮೂರು ತಳಕಲ್ಲಿನ ಮಕ್ಕಳಿಗೆ ಅಂಗಡಿಯ ಆಟಿಕೆ ಎಲ್ಲಿಯದು? ಸುಗ್ಗಿ ಮುಗಿದ ಮೇಲೆ ಜೋಳದ ದಂಟೇ ಆಟಿಕೆ. ಈಗ ನನ್ನ ಮೊಮ್ಮಗಳು ರಿಮೋಟಿನ ಬಂಡಿಯನ್ನು ರಂಟೆ ಹೊಡೆದು ಉತ್ತ ಹೊಲದಲ್ಲಿ ಓಡಿಸುತ್ತಾಳೆ. ಮಣ್ಣಿನಲ್ಲಿ ಪಂದ್ಯ ಆಡಲೆಂದೇ ಮಾಡಿದ್ದಂತೆ. ಮೋಟಾರು ಹಿಂದಿನ ಗಾಲಿಗೆ ಅಂಟಿ ಕೂತಿದೆ. ಹಿಂದೆ ಭಾರ, ಮೂತಿ ಹಗುರ, ಮಣ್ಣಿನ ಹೆಂಟೆ ಹತ್ತಿ ಹಾರಿ ಹೋಗುತ್ತದೆ. ಮೋಟಾರು ಹಿಂದೆ ಯಾಕೆ ಎಂದು ಅವಳನ್ನು ಯಾರೂ ತಡೆದು ಕೇಳಿಲ್ಲ. ನನ್ನನ್ನು ಕೇಳಿದರು.

ಆ ಬೇಸಿಗೆಯಲ್ಲಿ ಅಜ್ಜ ಹೇಳಿದ್ದ: "ಹೊಲದಾಗ ಬಂಡಿ ಓಡಸ್ರಿ. ಬನ್ನಿ ಗಿಡ ಸುತ್ತಿ ಯಾರು ಮೊದಲ ಬರ್ತಾರ, ಅವರನ್ನ ನಾಳೆ ಕಿನ್ನಾಳಕ್ಕ ಕರ್ಕೊಂಡು ಹೋಗ್ತೀನಿ. ಬಣ್ಣದ ಗೊಂಬಿ ಕೊಡಸ್ತೀನಿ."

ನಾನು ಊರ ಹಳ್ಳ ದಾಟಿದವಳಲ್ಲ. ಗೊಂಬೆ ಹಾಗಿರಲಿ, ನನಗೆ ದಾರಿ ನೋಡಬೇಕಿತ್ತು.

ದಂಟು ಸಿಗಿದು, ಜಾಲಿಮುಳ್ಳು ಚುಚ್ಚಿ, ಹಳೇ ಚಪ್ಪಲಿ ಕೊರೆದ ಗಾಲಿ ಹಾಕಿ, ಮುಂದೆ ದಾರ ಕಟ್ಟಿ ನಾವೇ ಎತ್ತಿನ ಹಾಗೆ ಎಳೆಯುವುದು. ಎಲ್ಲರ ಬಂಡಿಯೂ ಹಾಗೇ. ನನ್ನದು ಎಳೆದಾಗಲೆಲ್ಲ ಮೂತಿ ಹೆಂಟೆಗೆ ಬಡಿದು ಮಗುಚುತ್ತಿತ್ತು. ಸಿಟ್ಟಿಗೆ ದಾರ ಹರಿದೆ. ಬೇಲಿಯ ಕವಲು ಕೋಲು ತಂದು ಹಿಂದಿನ ಅಚ್ಚಿಗೆ ಸಿಗಿಸಿ ನೂಕಿದೆ. ಹೋಯಿತು. ಹೆಂಟೆ ಹತ್ತಿ ಹೋಯಿತು. ತಿರುವಿನಲ್ಲಿ ಮಾತ್ರ ಮೂತಿ ನನ್ನ ಮಾತು ಕೇಳದು, ನೆಟ್ಟಗೆ ಬದುವಿಗೆ ನುಗ್ಗುತ್ತಿತ್ತು. ಅಲ್ಲಿ ಕೋಲು ಸಡಿಲ ಬಿಟ್ಟು, ತಿರುಗಿಸಿ, ಮತ್ತೆ ಒತ್ತಬೇಕು. ಅದನ್ನು ಕಲಿಯುವಷ್ಟರಲ್ಲಿ ನನ್ನ ರೊಟ್ಟಿ ಒಣಗಿತ್ತು, ಶೇಂಗಾ ಹಿಂಡಿಯನ್ನು ಅಣ್ಣ ನೆಕ್ಕಿ ಮುಗಿಸಿದ್ದ.

"ಏನಬೇ ನಿಂಗಿ, ಬಂಡಿ ಓಡಸ್ತಿಯೋ, ಕಸಾ ಹೊಡಿತಿಯೋ?" ಅಂದ ಅಣ್ಣ ಯಮನೂರ.

"ನೀ ದಾರ ಹಿಡ್ಕೊಂಡು ಬಾ, ನೋಡೂಣು."

ಸಂಜೆ ಓಡಿದೆವು. ಅಣ್ಣನ ಬಂಡಿ ನಡುಹೊಲದಲ್ಲಿ ಬೋರಲು ಬಿತ್ತು. ಅವನು ಅದನ್ನು ಎತ್ತಿ ನಿಲ್ಲಿಸುವುದರೊಳಗೆ ನಾನು ಗಿಡ ಸುತ್ತಿ ಬಂದು ಅಜ್ಜನ ಕಾಲಿಗೆ ಬಂಡಿ ತಾಗಿಸಿ ನಿಂತೆ. ಬಾಯಲ್ಲೆಲ್ಲ ಮಣ್ಣು. ಅಜ್ಜ ಎಲೆ ಅಡಿಕೆ ಉಗುಳಿದ.

"ಎತ್ತು ಎಲ್ಲಿ ಅದಾವ?"

"ಎತ್ತಿಲ್ಲಜ್ಜಾ. ನಾನ ಹಿಂದಿನಿಂದ ನೂಕೀನಿ."

"ಎತ್ತು ಮುಂದಿರ್ತಾವ. ಮುಂದಿಂದ ಎಳದ್ರ ಬಂಡಿ. ಇದು ಬಂಡಿ ಅಲ್ಲ."

"ಮೊದಲ ಬಂದೈತಲ್ಲ!"

"ಬಂದ್ರೇನಾತು? ಬಂಡಿ ಬರಬೇಕಿತ್ತು. ಬಂದಿದ್ದು ಬ್ಯಾರೆ."

"ಹುಡುಗಿ ಮೊದಲ ಬಂದಾಳ್ರಿ ಮಾವಾ," ಅಂದಳು ಅವ್ವ ಸೆರಗಿನ ಮರೆಯಿಂದ.

"ಯಮನೂರ ಗೆದ್ದ," ಅಂದು ಅಜ್ಜ ಎದ್ದು ಹೋದ.

ಈಗ ಕಿನ್ನಾಳಕ್ಕೆ ಬಸ್ಸಿದೆ. ಮದುವೆಗೆ ಹೋಗಿ ಬಂದಿದ್ದೇನೆ, ದಾರಿಯುದ್ದಕ್ಕೂ ನಿದ್ದೆ ಹೊಡೆಯುತ್ತ. ಆಗಿನ ಹೊಲ ಮಾರಿಹೋಗಿ ತಂತಿ ಬೇಲಿ ಬಿದ್ದಿದೆ. ಅಜ್ಜ ಹೋದ, ಅಣ್ಣನೂ ಹೋದ. ನನ್ನದೂ ಬಂಡಿಯೇ ಎಂದು ಜಗಳಕ್ಕೆ ನಿಲ್ಲೋಣವೆಂದರೆ ಎದುರಿಗೆ ಒಬ್ಬರೂ ಇಲ್ಲ.

ಪಂದ್ಯದ ಮರುದಿನ ಬೆಳಿಗ್ಗೆ ಅಜ್ಜ ಕಿನ್ನಾಳಕ್ಕೆಂದು ಎತ್ತು ಹೂಡಿದ, ಅಣ್ಣ ಹತ್ತಿ ಕೂತ. ನಾನು ನನ್ನ ಬಂಡಿಯ ಗಾಲಿ ಬಿಚ್ಚಿ, ಮುಳ್ಳು ಒಂದೂ ಉಳಿಯದಂತೆ ಕಿತ್ತು, ದಂಟನ್ನು ಎಮ್ಮೆಗೆ ಹಾಕಿದೆ.