ಯೂಜಿನ್ ಸಾಹೇಬರು ಎರಡು ಸಲ ಸತ್ತದ್ದು

ಸಾಯುವುದಕ್ಕೆ ಮನುಷ್ಯನಿಗೆ ಎಷ್ಟು ಹೊತ್ತು ಬೇಕು? ಎರಡು ನಿಮಿಷ ಸಾಕು ಎಂದು ಪ್ರಭುಲಿಂಗ ಬರೆದುಕೊಟ್ಟಿದ್ದ. ಯೂಜಿನ್ ಸಾಹೇಬರು ಒಂಬತ್ತು ನಿಮಿಷ ತೆಗೆದುಕೊಳ್ಳುತ್ತಿದ್ದರು.

ಪ್ರಭುಲಿಂಗ ಬಾಗಲಕೋಟೆ ಕಡೆಯವನು, ದೋಹಾದ ಕಟ್ಟಡ ಕಂಪನಿಯೊಂದರಲ್ಲಿ ಸೇಫ್ಟಿ ಆಫೀಸರ್. ಯೂಜಿನ್ ಐರ್ಲೆಂಡಿನ ನಟ, ವಯಸ್ಸು ಅರವತ್ತಾರು. ಹೆಂಡತಿ ಕ್ರಿಸ್ಟೀನಾಗೆ ಇಲ್ಲಿನ ಶಾಲೆಯಲ್ಲಿ ಕೆಲಸ ಸಿಕ್ಕಿತೆಂದು ಬಂದು, ಓಲ್ಡ್ ಏರ್‌ಪೋರ್ಟ್ ಎಂಬ ಬಡಾವಣೆಯಲ್ಲಿ ಪ್ರಭುಲಿಂಗನ ಕೆಳಗಿನ ಮನೆಯಲ್ಲೇ ಇದ್ದರು. ಲಿಫ್ಟಿನಲ್ಲಿ ಸಿಕ್ಕರೆ ಮುಗಿಯಿತು, ಪುರಾಣ ಶುರು. ಹದಿನೆಂಟನೇ ವಯಸ್ಸಿಗೆ ಕಾರ್ಕ್ ಊರಿನ ರಂಗಮಂದಿರದಲ್ಲಿ ಪರದೆ ಎಳೆಯುತ್ತಿದ್ದದ್ದು, ಸೇವಕನ ಪಾತ್ರದವನಿಗೆ ಜ್ವರ ಬಂದು ಇವರೇ ರಂಗಕ್ಕೆ ಹೋದದ್ದು, ಆಮೇಲೆ ಹಳೇ ವ್ಯಾನಿನಲ್ಲಿ ಊರೂರು ಸುತ್ತಿದ್ದು. ನಾಟಕ, ಟೀವಿ, ಸಿನಿಮಾ ಎಲ್ಲ ಸೇರಿ ನಲವತ್ತೊಂದು ಸಲ ಸತ್ತಿದ್ದರಂತೆ. ಸಿನಿಮಾದಲ್ಲಂತೂ ಹೆಸರುಗಳು ಬಂದು ಮುಗಿಯುವುದರೊಳಗೆ ಇವರ ಹೆಣ ಬೀಳಬೇಕು.

"ನನ್ನ ಮುಖ ಯಾರಿಗೂ ಗೊತ್ತಿಲ್ಲ, ಪ್ರಭು. ಬೆನ್ನು ಎಲ್ಲರಿಗೂ ಗೊತ್ತು" ಎನ್ನುತ್ತಿದ್ದರು.

ಇಂಥವರನ್ನು ತಾನಾಗಿ ಕರೆದು ತಲೆ ಮೇಲೆ ಕೂರಿಸಿಕೊಂಡದ್ದಕ್ಕೆ ಪ್ರಭುಲಿಂಗ ತನ್ನನ್ನೇ ಬೈದುಕೊಳ್ಳುತ್ತಿದ್ದ. ಆದರೆ ಬೇರೆ ದಾರಿ ಇರಲಿಲ್ಲ. ಎರಡು ತಿಂಗಳ ಹಿಂದೆ ಅವನ ಸೈಟಿನಲ್ಲೇ ಇಳಕಲ್ಲಿನ ಗುರುಪಾದಪ್ಪ ಸ್ಕ್ಯಾಫೋಲ್ಡಿಂಗ್ ಅಟ್ಟಣಿಗೆಯ ಮೇಲಿಂದ ಬಿದ್ದ. ಸೊಂಟಕ್ಕೆ ಬೆಲ್ಟ್ ಇತ್ತು, ಬೆಲ್ಟಿನ ಹುಕ್ಕನ್ನು ಪೈಪಿಗೆ ಸಿಕ್ಕಿಸಿರಲಿಲ್ಲ. ಪೆಟ್ಟಿಗೆಯಲ್ಲಿ ಊರಿಗೆ ಹೋದ. ಅವನ ಹೆಂಡತಿ ನೀಲಕ್ಕ ಫೋನಿನಲ್ಲಿ ಅಳಲಿಲ್ಲ, ಒಂದೇ ಮಾತು ಕೇಳಿದಳು. "ಅಣ್ಣಾರ, ಹುಕ್ಕ ಹಾಕಿದ್ದಿಲ್ಲಂತಲ್ಲ ಇವರು. ನೀವ್ ನೋಡ್ಲಿಲ್ಲೇನ್ರಿ?"

ಅಂದಿನಿಂದ ಅವನಿಗೆ ಅನ್ನ ಸೇರುತ್ತಿರಲಿಲ್ಲ. ಸೇಫ್ಟಿ ವಿಡಿಯೋ ಹಾಕಿದರೆ ಕೆಲಸಗಾರರು ಏಸಿಯ ತಂಪಿಗೆ ಗೊರಕೆ ಹೊಡೆಯುತ್ತಿದ್ದರು. ಮಾರನೆಯ ದಿನ ಮತ್ತೆ ಹುಕ್ಕು ಜೋತಾಡುತ್ತಿತ್ತು. ಇನ್ನೊಬ್ಬ ಬೀಳಬಾರದು. ಅದಕ್ಕೇ, ಇಂಡಸ್ಟ್ರಿಯಲ್ ಏರಿಯಾದ ಕೆಲಸಗಾರರ ಕ್ಯಾಂಪಿನ ಊಟದ ಹಾಲ್‌ನಲ್ಲಿ ಎದುರಿಗೇ ಬಿದ್ದು ತೋರಿಸಿ ಎಂದು ಸಾಹೇಬರನ್ನು ಕೇಳಿದ್ದ.

ತಾಲೀಮಿನಲ್ಲಿ ಸಾಹೇಬರ ಪ್ರಶ್ನೆಗಳಿಗೆ ಕೊನೆಯಿಲ್ಲ. ಬೀಳುವವನ ಮಗಳ ಹೆಸರೇನು? ಬೆಳಿಗ್ಗೆ ಏನು ತಿಂದಿದ್ದ?

"ರೊಟ್ಟಿ ತಿಂದಿದ್ದ ಸಾಹೇಬ್ರೆ. ಹತ್ತಿ, ಬಿದ್ದು, ಸತ್ತುಬಿಡಿ. ಅಷ್ಟೇ ಕೆಲಸ" ಎಂದು ಪ್ರಭುಲಿಂಗ ಹಲ್ಲು ಕಡಿದ.

ಆಮೇಲೆ ಹಲಗೆ ಅಲುಗುತ್ತದೆ ಎಂಬ ತಕರಾರು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ಪ್ರಭುಲಿಂಗ ಕನ್ನಡದಲ್ಲಿ ಗೊಣಗಿದ. ಮನೆಗೆ ಬಂದು ಹೆಂಡತಿ ದಾಕ್ಷಾಯಣಿಯ ಮುಂದೆ, "ತಲಿ ಚಿಟ್ಟ ಹಿಡಿಸ್ಯಾನ ಈ ಮುದುಕ" ಎಂದ.

"ನೀವ ತಂದ್ಕೊಂಡಿದ್ದು, ನೀವ ಅನುಭವಸ್ರಿ" ಎಂದಳು ಅವಳು.

ಶುಕ್ರವಾರ ಮಧ್ಯಾಹ್ನ ಹಾಲ್ ತುಂಬಿತ್ತು. ಮುಂದಿನ ಸಾಲಿನಲ್ಲೆಲ್ಲ ಬಾಗಲಕೋಟೆ, ಕೊಪ್ಪಳದವರು. ಸಾಹೇಬರು ಆಳೆತ್ತರದ ಸ್ಕ್ಯಾಫೋಲ್ಡಿಂಗ್ ಹತ್ತಿದರು, ಹುಕ್ಕನ್ನು ಮರೆತವರಂತೆ ಬಿಟ್ಟರು, ಫೋನಿನಲ್ಲಿ ಮಗಳ ಜೊತೆ ಮಾತಾಡುವವರಂತೆ ನಕ್ಕರು, ಕಾಲು ಜಾರಿ ಕೆಳಗಿನ ಹಾಸಿಗೆಯ ಮೇಲೆ ದೊಪ್ಪೆಂದು ಬಿದ್ದರು. ಆಮೇಲೆ ನರಳಾಟ. ಒಂಬತ್ತಲ್ಲ, ಹನ್ನೊಂದು ನಿಮಿಷ. ಮ್ಯಾನೇಜರ್ ಸಯೀದ್ ಗಡಿಯಾರ ನೋಡಿ, "ಖಲಾಸ್?" ಎಂದ.

ಅಷ್ಟರಲ್ಲಿ ಮುಂದಿನ ಸಾಲಿನಿಂದ ಸಿಳ್ಳೆ ಬಿತ್ತು. "ಒನ್ಸ್ ಮೋರ್!"

ಸಾಹೇಬರು ಕಣ್ಣು ಬಿಟ್ಟು ಎದ್ದು ಕೂತರು. ಮುಖ ಬಿಳಿಚಿತ್ತು. "ಅಷ್ಟು ಕೆಟ್ಟದಾಗಿತ್ತೇ?"

ಪ್ರಭುಲಿಂಗ ಹಣೆ ಚಚ್ಚಿಕೊಂಡ. ನಮ್ಮ ಕಡೆಯ ಕಂಪನಿ ನಾಟಕದಲ್ಲಿ ಜನಕ್ಕೆ ಮೆಚ್ಚಿಗೆಯಾದರೆ ಹಾಗೆ ಕೂಗುತ್ತಾರೆ, ಸತ್ತ ರಾಜ ಎದ್ದು ಹಾಡು ಹಾಡಿ ಇನ್ನೊಮ್ಮೆ ಸಾಯುತ್ತಾನೆ ಎಂದು ವಿವರಿಸಿದ. ಸಾಹೇಬರ ಕಣ್ಣು ತುಂಬಿತು. "ನಲವತ್ತೊಂದು ಸಲ ಸತ್ತಿದ್ದೇನೆ, ಪ್ರಭು. ಒಬ್ಬರೂ ಇನ್ನೊಮ್ಮೆ ಎಂದಿರಲಿಲ್ಲ." ಯಾರ ಮಾತನ್ನೂ ಕೇಳದೆ ಮತ್ತೆ ಹತ್ತಿ, ಮತ್ತೆ ಬಿದ್ದು, ಇನ್ನೂ ಚಂದವಾಗಿ ಸತ್ತರು. ಸೂರು ಹಾರಿಹೋಗುವಂತೆ ಚಪ್ಪಾಳೆ. ಮತ್ತೆ ಅದೇ ಕೂಗು.

ಪ್ರಭುಲಿಂಗನಿಗೆ ರೇಗಿತು. ಇವರಿಗೆ ಇದು ಜಾತ್ರೆಯ ಆಟವಾಯಿತಲ್ಲ! ಹಾಸಿಗೆಯ ಬಳಿ ಬಗ್ಗಿ, "ಸಾಕು ಸಾಹೇಬ್ರೆ. ಗುರುಪಾದಪ್ಪನಿಗೆ ಒನ್ಸ್ ಮೋರ್ ಇರಲಿಲ್ಲ" ಎಂದ.

ಸಾಹೇಬರು ಅವನನ್ನೊಮ್ಮೆ ನೋಡಿ ಕಣ್ಣು ಮುಚ್ಚಿದರು. ಏಳಲಿಲ್ಲ.

ಜನ ಕೂಗಿದರು, ಸಿಳ್ಳೆ ಹಾಕಿದರು. ಮುದುಕ ಅಲುಗಲಿಲ್ಲ. ಸಿಳ್ಳೆ ಒಂದೊಂದಾಗಿ ನಿಂತಿತು. ಕೈಯಿಂದ ಜಾರಿದ ಫೋನು ಪಕ್ಕದಲ್ಲೇ ಬಿದ್ದಿತ್ತು.

"ಏಳ್ರಿ ಅಜ್ಜಾರ" ಎಂದ ಮುಂದಿನ ಸಾಲಿನವನೊಬ್ಬ, ಮೆಲ್ಲಗೆ. ಸಾಹೇಬರು ಏಳಲಿಲ್ಲ. ಪೇಟೆಗೆ ಹೋಗುವ ಬಸ್ಸಿನ ಹಾರ್ನ್ ಕೇಳಿದ ಮೇಲೆ ಜನ ಎದ್ದು, ಹಾಸಿಗೆಯನ್ನು ಬಳಸಿಕೊಂಡು ಹೊರಗೆ ಹೋದರು.

ಹಾಲ್ ಖಾಲಿಯಾದ ಮೇಲೆ ಸಾಹೇಬರು ಸೊಂಟ ಹಿಡಿದುಕೊಂಡು ಎದ್ದು, "ಎರಡನೆಯದು ಚೆನ್ನಾಗಿತ್ತು, ಅಲ್ಲವೇ?" ಎಂದರು. ಪ್ರಭುಲಿಂಗ ಅವರ ಬೆನ್ನಿನ ಧೂಳು ಒರೆಸಿದ.

ಮರುದಿನ ಬೆಳಿಗ್ಗೆ ಅವನು ಸೈಟಿನಲ್ಲಿ ತಲೆ ಎತ್ತಿ ನಿಂತಿದ್ದ. ಮೇಲೊಬ್ಬನ ಹುಕ್ಕು ಜೋತಾಡುತ್ತಿತ್ತು. ಬೈಯಲು ಪ್ರಭುಲಿಂಗ ಬಾಯಿ ತೆರೆಯುವುದರೊಳಗೆ ಪಕ್ಕದ ಹಲಗೆಯಿಂದ ಯಾರೋ ಕೂಗಿದರು.

"ಏ ದೋಸ್ತಾ, ಹುಕ್ಕ ಹಾಕೋ. ಇಲ್ಲಿ ಒನ್ಸ್ ಮೋರ್ ಇಲ್ಲಲೇ."